ಓಣಿ ಎಬ್ಬಿಸುತ್ತಿದ್ದ ಮಹಾಂತಮ್ಮ

ತೆಲುಗು ನಾಡಿನ ಗಡಿಯೂರು ಮಕ್ತಲ್‌ನ ಆ ಓಣಿಗೆ ನಳದ ನೀರು ದಿನ ಬಿಟ್ಟು ದಿನ ಬರುತ್ತದೆ. ಅದೂ ಯಾವಾಗ? ಊರೆಲ್ಲ ಗಡದ್ದಾಗಿ ನಿದ್ದೆ ಹೊಡೆಯುವ ನಸುಕಿನಲ್ಲಿ. ನೀರು ಬಿಡುವ ಪುಣ್ಯಾತ್ಮನಿಗೆ ಈ ಓಣಿಯ ಮೇಲೆ ಅದೇನು ಸಿಟ್ಟೋ, ಇಂಥ ಹೊತ್ತಿಗೆ ಅಂತ ಒಂದು ನೇಮವಿಲ್ಲ. ಬಂತು ಅನ್ನುವಷ್ಟರಲ್ಲಿ ಹೋಗಿಯೂ ಬಿಡುತ್ತದೆ. ಮಲಗಿದವರಿಗೆ ಒಣ ಕೊಡವೇ ಗತಿ. ಹಾಗಾಗಿ ಓಣಿಗೆ ಎಚ್ಚರವಿರುವ ಒಂದು ಜೀವ ಬೇಕಿತ್ತು. ಆ ಕೆಲಸ ಯಾರೂ ವಹಿಸದೆ ತಾನಾಗಿ ಮಹಾಂತಮ್ಮನ ಪಾಲಿಗೆ ಬಂದಿತ್ತು, ಅವಳಿಗೂ ಅದು ಬೇಕಾಗಿಯೇ ಇತ್ತು.

ಪೈಪಿನೊಳಗೆ ಗಾಳಿ ಬುಸ್ಸೆಂದದ್ದೇ ತಡ, ಅವಳು ಖಾಲಿ ಕೊಡ ಎತ್ತಿಕೊಂಡು ಬಾಗಿಲಿಗೆ ಬಂದು, ಅದರ ಮೇಲೆ ಸೌಟಿನಿಂದ ಬಾರಿಸುತ್ತ, "ಏಳ್ರೇವ್ವಾ, ನಳ ಬಂದಾವ! ಆಮ್ಯಾಲ ನನ್ನ ಮನಿ ಮುಂದ ಕೊಡ ಹಿಡಕೊಂಡು ಅಳಬ್ಯಾಡ್ರಿ!" ಎಂದು ಕೂಗುತ್ತಿದ್ದಳು. ಆ ಗಂಟಲು ಕೃಷ್ಣಾ ದಂಡೆಯ ತವರಿನಲ್ಲಿ ತಯಾರಾದದ್ದು. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಅಟ್ಟ ಹತ್ತಿ ನಿಂತು ಹಕ್ಕಿ ಓಡಿಸಿದವಳು ಅವಳು. ಹೊಳೆಯ ಆಚೆ ದಂಡೆಯ ಹಕ್ಕಿಗಳೂ ಎದ್ದು ಹಾರುತ್ತಿದ್ದವಂತೆ ಎಂದು ಗಂಡ ಶಿವಕಾಂತ ಚೇಷ್ಟೆ ಮಾಡುತ್ತಿದ್ದ. ಎದುರುಮನೆಯ ಕಿಷ್ಟಮ್ಮನಂತೂ, "ಮಹಾಂತಕ್ಕಾ, ನಿನ್ನ ಬಾಯಿಗೆ ಸತ್ತೋರೂ ಎದ್ದು ಕೊಡ ತೊಗೊಂಡು ಬರ್ತಾರ," ಅನ್ನುತ್ತಿದ್ದಳು. ಮಹಾಂತಮ್ಮ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಕಿಷ್ಟಮ್ಮ ಹೇಳಿದ್ದೂ ಹಾಗೆಯೇ.

ಈಗ ಅದೇ ಮಹಾಂತಮ್ಮನ ದನಿ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳುವುದಿಲ್ಲ.

ಶಿವಕಾಂತ ಸುತ್ತಲ ಹಳ್ಳಿಗಳಲ್ಲಿ ತೊಗರಿ ಕೊಂಡು ನಾರಾಯಣಪೇಟೆಯ ಗಂಜಿನಲ್ಲಿ, ಅಂದರೆ ಕಾಳಿನ ಮಂಡಿಯಲ್ಲಿ, ಮಾರುವವನು. ಮೆತ್ತಗಿನ ಮನುಷ್ಯ, ಮನೆಯೊಳಗೆ ಮಾತಾಡುವ ಕೆಲಸವನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು ನಿಶ್ಚಿಂತನಾಗಿದ್ದ. ಇಬ್ಬರು ಮಕ್ಕಳು. ದೊಡ್ಡವನು ವಿನಯ, ಮಕ್ತಲ್‌ನಲ್ಲೇ ಡಿಗ್ರಿ ಓದುತ್ತಿದ್ದ. ಚಿಕ್ಕವಳು ಭುವನೇಶ್ವರಿ. ವಿನಯನಿಗೆ ನಿದ್ದೆ ಅಂದರೆ ಪ್ರಾಣ. ಕರೆದರೆ ಏಳುವವನಲ್ಲ. ಎದ್ದರೂ ಕಣ್ಣು ತಿರುಗಿಸಿ, ನಾಲಗೆ ಹೊರಗೆ ಹಾಕಿ, ದೊಪ್ಪನೆ ಹಿಂದಕ್ಕೆ ಬಿದ್ದು ಸತ್ತಂತೆ ನಟಿಸಿ ತಾಯಿಯನ್ನು ನಗಿಸಿ ಇನ್ನಷ್ಟು ಹೊತ್ತು ಮಲಗುವ ಹುಡುಗ.

ಆ ದಿನ ಶಿವಕಾಂತ ಸುಗ್ಗಿಯ ಗದ್ದಲದಲ್ಲಿ ಗಂಜಿನಲ್ಲೇ ಉಳಿದಿದ್ದ. ಭುವನೇಶ್ವರಿ ಅಜ್ಜಿಯ ಮನೆಗೆ ಹೋಗಿದ್ದಳು. ನಸುಕಿನಲ್ಲಿ ನೀರು ಬಂತು. ಮಹಾಂತಮ್ಮ ಓಣಿ ಎಬ್ಬಿಸಿ ಒಳಗೆ ಬಂದಳು. ತುಂಬಿದ ಕೊಡಗಳನ್ನು ಎತ್ತಿ ಡ್ರಮ್ಮಿಗೆ ಸುರಿಯುವುದು ಮಗನ ಕೆಲಸ. ಅವನು ಮಗ್ಗುಲಾಗಿ ಮಲಗಿದ್ದ. ಒಂದು ಸಲ ಕರೆದಳು, ಇನ್ನೊಂದು ಸಲ ಕರೆದಳು. ಮೂರನೆಯ ಸಲ ಬಗ್ಗಿ ಅವನ ಕಿವಿಯ ಹತ್ತಿರ ಕೊಡ ಹಿಡಿದು ಜೋರಾಗಿ ಬಾರಿಸಿದಳು. ವಿನಯ ದಡಕ್ಕನೆ ಎದ್ದು ಕೂತ. ತಾಯಿಯ ಮುಖ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಆಮೇಲೆ ಹಿಂದಕ್ಕೆ ಬಿದ್ದ.

"ನಿನ್ನ ನಾಟಕ ಸಾಕು, ನೀರು ಹೋಗತಾವ," ಎಂದು ಬೈದು ಮಹಾಂತಮ್ಮ ಹೊರಗೆ ಹೋದಳು. ಗಂಟಲಲ್ಲಿ ಗೊರಗೊರ ಅಂದದ್ದು ಕೇಳಿಸಿತ್ತು. ಗೊರಕೆಯ ನಾಟಕ ಅಂದುಕೊಂಡಳು. ಒಬ್ಬಳೇ ಎಲ್ಲ ಕೊಡ ತುಂಬಿದಳು, ಡ್ರಮ್ಮು ತುಂಬಿದಳು, ಮೇಲೆ ತಾಟು ಮುಚ್ಚಿದಳು. ಸೊಂಟ ಹಿಡಿದುಕೊಂಡು, ಇವತ್ತು ಇವನಿಗೆ ಮಾಡುತ್ತೇನೆ ಎಂದು ಬೈಯುತ್ತಲೇ ಒಳಗೆ ಬಂದಳು. ಹುಡುಗ ಹಾಗೆಯೇ ಇದ್ದ. ಕೈ ಮುಟ್ಟಿದಳು.

ಅವಳ ಕೂಗಿಗೆ ಮೊದಲು ಓಡಿ ಬಂದವಳು ಕಿಷ್ಟಮ್ಮ. ಹುಡುಗನ ಮುಖ ನೋಡಿದವಳೇ ಮಹಾಂತಮ್ಮನನ್ನು ತಬ್ಬಿಕೊಂಡು, "ನಿದ್ದಿಯಾಗ ಹೋಗ್ಯಾನಬೇ ಕೂಸು. ಅದಕ್ಕ ಏನೂ ಗೊತ್ತಾಗಿಲ್ಲ ತೊಗೊ," ಅಂದಳು. ಮಹಾಂತಮ್ಮ ಅಲ್ಲ ಅನ್ನಲಿಲ್ಲ. ಸುಳ್ಳು ಹೇಳಬೇಕೆಂದು ಮಾಡಿದ್ದಲ್ಲ. ಬಾಯಿ ಬರಲಿಲ್ಲ ಅಷ್ಟೇ. ಕಿಷ್ಟಮ್ಮ ಬಂದವರಿಗೆಲ್ಲ ಅದನ್ನೇ ಹೇಳಿದಳು, ಬಂದವರು ಊರಿಗೆಲ್ಲ ಹೇಳಿದರು. ನಾರಾಯಣಪೇಟೆಯಿಂದ ಓಡಿ ಬಂದ ಶಿವಕಾಂತನಿಗೂ ಬಾಗಿಲಲ್ಲೇ ಯಾರೋ ಅದನ್ನೇ ಹೇಳಿದರು. ನಿದ್ದೆಯಲ್ಲಿ ಹೋದ ಅನ್ನುವ ಒಂದು ಮಾತು ಅವನಿಗೆ ಹಿಡಿದುಕೊಳ್ಳಲು ಇತ್ತು, ಅವನು ಅದನ್ನು ಬಿಡಲಿಲ್ಲ.

ಸಾವಾದ ಮನೆಯ ನೀರು ಇಟ್ಟುಕೊಳ್ಳಬಾರದೆಂದು ಕಿಷ್ಟಮ್ಮ ಮತ್ತು ಓಣಿಯ ಹೆಂಗಸರು ಕೊಡ, ಡ್ರಮ್ಮು ಎಲ್ಲ ಬಗ್ಗಿಸಿ ಚೆಲ್ಲಿದರು. ಮಹಾಂತಮ್ಮ ಗೋಡೆಗೆ ಒರಗಿ ಕೂತು, ತಾನು ತುಂಬಿದ ನೀರು ಗಟಾರದಲ್ಲಿ ಹರಿದು ಹೋಗುವುದನ್ನು ನೋಡಿದಳು. ಮಠದ ಕರಿಬಸಯ್ಯನವರು ಬಂದು ವಿಭೂತಿ ಹಚ್ಚಿ, ಮಾಡಬೇಕಾದ್ದನ್ನೆಲ್ಲ ಮಾಡಿ ಹುಡುಗನನ್ನು ಹೊಲದಲ್ಲಿ ಮಣ್ಣು ಮಾಡಿದರು. ಅವಳು ಅಳಲಿಲ್ಲ. ಅಳು ಅಂದರು, ಅತ್ತು ಹಗುರಾಗು ಅಂದರು, ಕೆಲವರು ಅವಳನ್ನು ಹಿಡಿದು ಅಲ್ಲಾಡಿಸಿದರು. ಅಳದ ತಾಯಿಯನ್ನು ಕಂಡರೆ ಜನಕ್ಕೆ ಏನೋ ಮೋಸವಾದಂತೆ ಅನ್ನಿಸುತ್ತದೆ, ಸಾವಿನ ಮನೆಗೆ ಬಂದದ್ದಕ್ಕೆ ಕೂಲಿ ಸಿಗಲಿಲ್ಲವೇನೋ ಎಂಬಂತೆ. ಅವಳ ಮೈಯೆಲ್ಲ ಮರಗಟ್ಟಿತ್ತು. ಉಣ್ಣು ಅಂದರೆ ಉಂಡಳು, ಏಳು ಅಂದರೆ ಎದ್ದಳು. ಮನೆಗೆಲಸ ಒಂದೂ ಕೆಡಲಿಲ್ಲ. ರೊಟ್ಟಿ ಮೊದಲಿನಷ್ಟೇ ತೆಳ್ಳಗೆ ಬರುತ್ತಿತ್ತು.

ಕೊಡ ಬಾರಿಸುವುದು ಮಾತ್ರ ನಿಂತಿತು. ಓಣಿಯವರು ಕೆಲವು ದಿನ ನೀರು ತಪ್ಪಿಸಿಕೊಂಡು ಪರದಾಡಿದರು. ಆಮೇಲೆ ಮೊಬೈಲಿನಲ್ಲಿ ಗುಂಪು ಮಾಡಿಕೊಂಡರು.

ಹೀಗೆ ವರ್ಷದ ಮೇಲಾಯಿತು. ಕಿಷ್ಟಮ್ಮನ ಮಗಳು ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ಹೆತ್ತಾಗ ಮಹಾಂತಮ್ಮ ಕೂಸು ನೋಡಲು ಹೋಗಿದ್ದಳು. ವರಾಂಡದ ಬೆಂಚಿನ ಮೇಲೆ ತೂಕಡಿಸುತ್ತ ಕೂತಿದ್ದಾಗ ನರ್ಸಿನ ಕೈಯಿಂದ ಸ್ಟೀಲ್ ತಟ್ಟೆಯೊಂದು ಜಾರಿ ಹತ್ತಿರದಲ್ಲೇ ಝಣ್ಣೆಂದು ಬಿತ್ತು. ಮಹಾಂತಮ್ಮ ಬೆಚ್ಚಿ ಎದ್ದವಳು ಅಲ್ಲೇ ಕುಸಿದಳು. ಬಿದ್ದದ್ದು ಆಸ್ಪತ್ರೆಯಲ್ಲಾದ್ದರಿಂದ ಉಳಿದಳು. ಎದೆ ಒತ್ತಿದರು, ಕರೆಂಟು ಕೊಟ್ಟರು, ಹೈದರಾಬಾದಿಗೆ ಕಳಿಸಿದರು. ತಟ್ಟೆಯ ಮಾತು ಯಾರಿಗೂ ನೆನಪಾಗಲಿಲ್ಲ. ಬಿದ್ದ ಹೆಂಗಸನ್ನು ನೋಡುವವರು ಬಿದ್ದ ತಟ್ಟೆಯನ್ನು ಯಾಕೆ ನೋಡುತ್ತಾರೆ?

ಹೈದರಾಬಾದಿನಲ್ಲಿ ಎಲ್ಲ ಪರೀಕ್ಷೆ ಆಯಿತು. ಗುಂಡಿಗೆಯ ರಕ್ತನಾಳ ಚೊಕ್ಕಟ, ಗುಂಡಿಗೆಯ ಮಾಂಸ ಗಟ್ಟಿ, ಇಸಿಜಿ ಸ್ವಲ್ಪ ಹೆಚ್ಚುಕಡಿಮೆ; ಆದರೆ ಸತ್ತು ಬದುಕಿದವರ ಇಸಿಜಿ ಯಾರದ್ದು ನೆಟ್ಟಗಿರುತ್ತದೆ ಅಂದರು. ಮನೆತನದ ಕಾಯಿಲೆಯೇನೋ ಎಂದು ನೋಡಲು ರಕ್ತ ಎಲ್ಲಿಗೋ ಕಳಿಸಿದರು. ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬ ಉತ್ತರ ಬಂತು. ಕೊನೆಗೆ ಎಡ ಹೆಗಲ ಎಲುಬಿನ ಕೆಳಗೆ, ಚರ್ಮದೊಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಇಟ್ಟರು. ಗುಂಡಿಗೆ ತಾಳ ತಪ್ಪಿದರೆ ಅದೇ ಒಳಗಿನಿಂದ ಕರೆಂಟು ಹೊಡೆದು ಸರಿ ಮಾಡುತ್ತದೆ. ತಪ್ಪಿದ್ದು ಹೇಗೆ ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತದೆ.

ಅಲ್ಲಿನ ಡಾಕ್ಟರು ಅಂಜನಕುಮಾರ್ ತೆಲುಗಿನಲ್ಲಿ ನಿಧಾನವಾಗಿ ಹೇಳಿದ್ದರು: "ಅಮ್ಮಾ, ನಿಮಗೆ ಯಾಕೆ ಹೀಗಾಯಿತು ಗೊತ್ತಿಲ್ಲ. ಮಗ ನಿದ್ದೆಯಲ್ಲಿ ಹೋದ ಅಂತೀರಿ. ಇದು ಮನೆತನದಲ್ಲಿ ಬರುವ ಕಾಯಿಲೆ ಇರಬಹುದು. ಮಗಳ ಇಸಿಜಿಯನ್ನೂ ತೆಗೆದು ನೋಡಿದ್ದೇವೆ, ಅದು ಅಂಚಿನಲ್ಲಿದೆ, ಕಾಯಿಲೆ ಇದೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ನಿಮಗೆ ಇನ್ನೊಮ್ಮೆ ಹೀಗಾದರೆ ಈ ಡಬ್ಬಿಯೊಳಗಿನ ದಾಖಲೆ ಹೇಳುತ್ತದೆ, ಯಾವ ಕಾಯಿಲೆ ಅಂತ. ಆಗ ಮಗಳ ವಿಷಯವೂ ತಿಳಿಯುತ್ತದೆ. ಆದರೆ ಹಾಗಾಗದಿರಲಿ ಅಂತಲೇ ನನ್ನ ಆಸೆ."

ಮಹಾಂತಮ್ಮನಿಗೆ ಕೊನೆಯ ಮಾತು ಕಿವಿಗೇ ಹೋಗಲಿಲ್ಲ. ಇನ್ನೊಮ್ಮೆ ಆಗಬೇಕು. ಹಾಗಾದರೆ ಭುವನೇಶ್ವರಿಯ ವಿಷಯ ತಿಳಿಯುತ್ತದೆ. ಅವಳಿಗೆ ಅರ್ಥವಾದದ್ದು ಅಷ್ಟೇ, ಮನೆಗೆ ಹೊತ್ತು ತಂದದ್ದೂ ಅಷ್ಟೇ.

ಡಾಕ್ಟರು ತಿಂಗಳಿಗೊಮ್ಮೆ ಗದ್ವಾಲಿನ ಒಂದು ನರ್ಸಿಂಗ್ ಹೋಮಿಗೆ ಬರುತ್ತಿದ್ದರು. ಜೊತೆಗೆ ಡಬ್ಬಿ ಪರೀಕ್ಷಿಸುವ ಹುಡುಗಿ ಸ್ರವಂತಿ, ಸೂಟ್‌ಕೇಸಿನಂಥ ಒಂದು ಕಂಪ್ಯೂಟರು ಹೊತ್ತುಕೊಂಡು. ಗಡಿಯ ಕೃಷ್ಣಾ ಊರಿನ ಕಡೆಯವಳು, ಕನ್ನಡ ಬರುತ್ತಿತ್ತು. ಮಹಾಂತಮ್ಮ ಜೂರಾಲ ಅಣೆಕಟ್ಟೆ ದಾಟಿ ಬಸ್ಸಿನಲ್ಲಿ ಹೋಗಿ ಮಂಚದ ಮೇಲೆ ಮಲಗಿದರೆ ಸ್ರವಂತಿ ಅವಳ ಎದೆಯ ಮೇಲೆ ಒಂದು ಬಿಲ್ಲೆ ಇಟ್ಟು ಪರದೆ ನೋಡುತ್ತಿದ್ದಳು. ನೋಡಿ, ಮುಖವರಳಿಸಿ, "ಏನೂ ಇಲ್ಲರಿ ಅಮ್ಮ, ಎಲ್ಲಾ ಚಲೋ ಐತಿ!" ಅನ್ನುತ್ತಿದ್ದಳು.

"ಒಂದೂ ಇಲ್ಲೇನವ್ವ?"

"ಒಂದೂ ಇಲ್ಲರಿ."

ಮಹಾಂತಮ್ಮ ಸೆರಗು ಹೊದ್ದುಕೊಂಡು ಪೆಚ್ಚುಮೋರೆ ಹಾಕಿ ಎದ್ದು ಬರುತ್ತಿದ್ದಳು. ಇಂಥ ರೋಗಿಯನ್ನು ಸ್ರವಂತಿ ಎಲ್ಲೂ ಕಂಡಿರಲಿಲ್ಲ.

ಎದೆ ನಿಲ್ಲಲಿ ಅಂತ ಅವಳು ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಶ್ರಾವಣದ ಸೋಮವಾರ ಗುಟುಕು ನೀರೂ ಕುಡಿಯದೆ ಉಪವಾಸ ಇದ್ದಳು. ಬಿಸಿಲಲ್ಲಿ ಬಸ್ಸಿನ ಹಿಂದೆ ಓಡಿದಳು. ತೊಗರಿಯ ಚೀಲ ಎಳೆದಳು. ಶಿವಕಾಂತ ಕಂಡು ಹೌಹಾರಿ, "ನಿನಗ ಏನರೆ ತಲಿ ಕೆಟ್ಟೈತೇನ?" ಅಂದ. ಅವಳು ಇನ್ನೊಂದು ಚೀಲಕ್ಕೆ ಕೈ ಹಾಕಿದಳು. ಸಾಯುವ ಹೆದರಿಕೆ ಅವಳಿಗೆ ಇರಲಿಲ್ಲ. ಬದುಕುವ ಖುಷಿಯೂ ಇರಲಿಲ್ಲ. ಇದ್ದದ್ದು ಮಗಳ ಒಂದು ಚಿಂತೆ. ಮಗಳ ಪಕ್ಕದಲ್ಲೇ ಹಾಸಿಕೊಂಡು ಮಲಗುವಳು, ಎಚ್ಚರವಾದಾಗಲೆಲ್ಲ ಅವಳ ಮೂಗಿನ ಕೆಳಗೆ ಬೆರಳು ಹಿಡಿದು ನೋಡುವಳು. "ಅವ್ವ, ನಾ ಇನ್ನಾ ಸತ್ತಿಲ್ಲ. ಮಕ್ಕೋ," ಎಂದು ಭುವನೇಶ್ವರಿ ಕೈ ಸರಿಸುತ್ತಿದ್ದಳು. ಹನ್ನೆರಡನೆಯ ತರಗತಿಯ ಇಂಟರ್ ಮುಗಿಸಿದ ಹುಡುಗಿಯನ್ನು ಮುಂದಿನ ಓದಿಗೆ ಕಳಿಸದೆ ಒಂದು ವರ್ಷ ಮನೆಯಲ್ಲೇ ಕೂರಿಸಿದ್ದೂ ಆಯಿತು. ಕೊನೆಗೆ ಹುಡುಗಿಯೇ ಅಪ್ಪನನ್ನು ಒಲಿಸಿಕೊಂಡು ನಾರಾಯಣಪೇಟೆಯ ಕಾಲೇಜಿಗೆ ಹೆಸರು ಹಚ್ಚಿದಳು.

ಕಾಲೇಜಿನ ಮೊದಲ ದಿನಕ್ಕೆ ಅವಳು ಬೇಗ ಏಳಬೇಕೆಂದು ಫೋನಿನಲ್ಲಿ ಅಲಾರಂ ಇಟ್ಟಳು. ಚಾರ್ಜಿಂಗ್ ಪಿನ್ನು ಇದ್ದದ್ದು ತಾಯಿಯ ತಲೆದೆಸೆಯಲ್ಲಿ. ನಸುಕಿನಲ್ಲಿ ಅದು ಕಿವಿ ಗಡಚಿಕ್ಕುವಂತೆ ಹೊಡೆದುಕೊಂಡಿತು. ಮಹಾಂತಮ್ಮ ಎದ್ದು ಕೂತಳು, ಕಣ್ಣಿಗೆ ಕತ್ತಲೆ ಕವಿಯಿತು. ಆಮೇಲೆ ಎದೆಯೊಳಗಿನಿಂದ ಯಾರೋ ಜಾಡಿಸಿ ಒದ್ದ ಹಾಗಾಯಿತು. ಕಣ್ಣು ಬಿಟ್ಟಾಗ ಮಗಳು ಅವಳ ಹೆಗಲು ಹಿಡಿದು ಅಳುತ್ತಿದ್ದಳು, ಶಿವಕಾಂತ ಬಾಗಿಲಲ್ಲಿ ನಿಂತಿದ್ದ.

"ಹೊಡೀತು," ಅಂದಳು ಮಹಾಂತಮ್ಮ. "ಆತು. ಈಗ ಗೊತ್ತಾಗತೈತಿ." ಅವಳ ಮುಖದಲ್ಲಿ ಸಮಾಧಾನವಿತ್ತು. ಅದನ್ನು ನೋಡಿ ಭುವನೇಶ್ವರಿಗೆ ಇನ್ನಷ್ಟು ಹೆದರಿಕೆಯಾಯಿತು.

ಸ್ರವಂತಿಗೆ ಫೋನು ಮಾಡಿದರು. ಡಾಕ್ಟರು ಮರುದಿನವೇ ಗದ್ವಾಲಿಗೆ ಬರುವುದಿತ್ತು. ಒಂದೇ ಸಲ ಹೊಡೆದಿದ್ದರೆ, ಆಮೇಲೆ ಆರಾಮಾಗಿದ್ದರೆ ಬನ್ನಿ. ಮತ್ತೆ ಹೊಡೆದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ ಅಂದಳು. ಮತ್ತೆ ಹೊಡೆಯಲಿಲ್ಲ. ಮರುದಿನ ಮೂವರೂ ಹೊರಟರು.

ಸ್ರವಂತಿ ಬಿಲ್ಲೆ ಇಟ್ಟಳು. ಈ ಸಲ ಅವಳ ಮುಖ ಅರಳಲಿಲ್ಲ. ಯಂತ್ರ ಉದ್ದನೆಯ ಕಾಗದ ಉಗುಳಿತು. ಡಾಕ್ಟರು ಅದನ್ನು ಮೇಜಿನ ಮೇಲೆ ಹರಡಿ ಬಗ್ಗಿ ನೋಡಿದರು, ಆಮೇಲೆ ಎಲ್ಲರನ್ನೂ ಹತ್ತಿರ ಕರೆದು ಬೆರಳಿಟ್ಟು ತೋರಿಸುತ್ತ ಹೋದರು. ಸ್ರವಂತಿ ಕನ್ನಡದಲ್ಲಿ ಹೇಳುತ್ತ ಹೋದಳು. "ಇಲ್ಲಿ ತನಕ ನೋಡ್ರಿ, ಗುಂಡಿಗಿ ಬರೋಬ್ಬರಿ ಬಡೀತೈತಿ. ಇಲ್ಲಿ ಒಂದು ಬಡಿತ ಗಡಿಬಿಡಿ ಮಾಡಿ ಮೊದಲಽ ಬಂತು. ಆಮ್ಯಾಲ ಒಂದೀಟು ನಿಂತತಿ, ಕಂಡ್ರ್ಯಾ, ಬರೇ ಜಾಗ. ಮತ್ತೊಂದು ಬಡಿತ, ಅದರ ಬೆನ್ನಿಗೇ ಇನ್ನೊಂದು. ಅಲ್ಲಿಂದ ನೋಡ್ರಿ, ನೂಲು ಹುರಿ ಹಾಕಿದಂಗ ತಿರುವಿಕೋತ ಹೋಗೈತಿ. ಆಗ ರಕ್ತ ಹರಿಯೂದಿಲ್ಲ. ಈ ಉದ್ದನ್ನ ಗೆರಿ, ಇದು ಡಬ್ಬಿ ಹೊಡದಿದ್ದು. ಮುಂದ ಮತ್ತ ಸರಿ ಆಗೈತಿ."

ಮಹಾಂತಮ್ಮ ನೋಡಿದಳು. ತಾನು ಸತ್ತ ಜಾಗ ಅಂಗೈ ಅಗಲದಷ್ಟಿತ್ತು.

ದಾಖಲೆಯ ಮೇಲೆ ಹೊತ್ತು ಅಚ್ಚಾಗಿತ್ತು. ಆಗ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ಭುವನೇಶ್ವರಿ ಸಣ್ಣ ದನಿಯಲ್ಲಿ, "ನನ್ನ ಅಲಾರಂ ಹೊಡೀತ್ರಿ," ಅಂದಳು. ಡಾಕ್ಟರು ತಲೆ ಎತ್ತಿದರು. ಮೊದಲನೆಯ ಸಲ ಆಸ್ಪತ್ರೆಯಲ್ಲಿ ಬಿದ್ದಾಗ? ಮಹಾಂತಮ್ಮ ಯೋಚಿಸಿ, ತೂಕಡಿಕೆ ಬಂದಿತ್ತು, ತಟ್ಟೆ ಬಿತ್ತು ಅಂದಳು. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಭುವನೇಶ್ವರಿಯನ್ನು ಮಲಗಿಸಿ ಇಸಿಜಿ ತೆಗೆದರು, ದಡಕ್ಕನೆ ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ತೆಗೆದರು. ನಿಂತಾಗಿನ ಗೆರೆಯನ್ನು ಅಳೆದು ಸ್ರವಂತಿಯ ಮುಖ ನೋಡಿದರು.

"ಇವಳಿಗೂ ಇದೆ," ಅಂದರು.

ಶಿವಕಾಂತ ಬೆಂಚಿನ ಮೇಲೆ ಕೂತುಬಿಟ್ಟ. ಮಹಾಂತಮ್ಮ ಕಾಯುತ್ತಿದ್ದದ್ದು ಈ ಮಾತಿಗೆ; ಬಂದಾಗ ಅದು ದೂರದಲ್ಲೆಲ್ಲೋ ಬೇರೆಯವರ ಮನೆಯಲ್ಲಿ ಆಡಿದ ಮಾತಿನ ಹಾಗೆ ಕೇಳಿಸಿತು.

ಆದರೆ ಡಾಕ್ಟರ ಹುಬ್ಬು ಗಂಟಿಕ್ಕಿಯೇ ಇತ್ತು. ಈ ಕಾಯಿಲೆಯಲ್ಲಿ ಬೇರೆ ಬೇರೆ ಜಾತಿ ಇವೆ ಅಂದರು. ಒಂದರಲ್ಲಿ ಇದ್ದಕ್ಕಿದ್ದ ಹಾಗೆ ಸದ್ದಾದರೆ, ಮಲಗಿದವರನ್ನು ಸದ್ದು ಎಬ್ಬಿಸಿದರೆ ಗುಂಡಿಗೆ ತಾಳ ತಪ್ಪುತ್ತದೆ. ತಾನೇ ಮಾಡುವ ಸದ್ದು ಏನೂ ಮಾಡುವುದಿಲ್ಲ, ಬೇರೆ ಸದ್ದು ಬೆಚ್ಚಿಬೀಳಿಸಬೇಕು. ಇನ್ನೊಂದರಲ್ಲಿ ಯಾವ ಸದ್ದೂ ಇಲ್ಲದೆ, ಮಲಗಿದಲ್ಲೇ ತಪ್ಪುತ್ತದೆ. ಒಂದಕ್ಕೆ ಕೊಡುವ ಗುಳಿಗೆಯನ್ನು ಇನ್ನೊಂದಕ್ಕೆ ನಂಬಿ ಕೂರುವಂತಿಲ್ಲ. ತಾಯಿಯ ದಾಖಲೆ ಸದ್ದು ಅನ್ನುತ್ತಿದೆ. ಮಗನ ಸಾವು ನಿದ್ದೆ ಅನ್ನುತ್ತಿದೆ. ಒಂದೇ ಮನೆಯಲ್ಲಿ ಎರಡು ಇರುವುದಿಲ್ಲ. ಈ ಹುಡುಗಿಗೆ ಯಾವುದು?

"ಬಾಬು ಎಲಾ ಪೋಯಾಡಮ್ಮಾ?" ಎಂದು ಮಹಾಂತಮ್ಮನನ್ನೇ ಕೇಳಿದರು.

"ಹುಡುಗ ಹೆಂಗ ಹೋದ ಅಂತ ಕೇಳತಾರ," ಅಂದಳು ಸ್ರವಂತಿ.

ಶಿವಕಾಂತ ಬೆಂಚಿನಿಂದಲೇ, "ನಿದ್ದಿಯಾಗ ಹೋದ್ನರೀ. ಮಕ್ಕೊಂಡಾವ ಮಕ್ಕೊಂಡಂಗಽ," ಅಂದ. ಎಷ್ಟೋ ಸಲ ಹೇಳಿ ನುಣುಪಾದ ಮಾತು.

ಮಹಾಂತಮ್ಮ ಮಗಳ ಕಡೆ ನೋಡಿದಳು. ಎದೆಗೆ ಅಂಟಿಸಿದ್ದ ಬಿಲ್ಲೆಗಳ ಗುರುತನ್ನು ಹುಡುಗಿ ದುಪಟ್ಟಾದಲ್ಲಿ ಒರೆಸಿಕೊಳ್ಳುತ್ತಿದ್ದಳು.

"ಇಲ್ಲರಿ," ಅಂದಳು ಮಹಾಂತಮ್ಮ. "ನಾ ಎಬ್ಬಿಸಿದೆ."

ಶಿವಕಾಂತ ಬೆಂಚಿನಿಂದ ಅರ್ಧ ಎದ್ದ.

"ನೀರು ಬಂದಿತ್ತು. ಅವ ಏಳಲಿಲ್ಲ. ಕಿವಿ ಹತ್ರ ಕೊಡ ಹಿಡದು ಬಡದೆ. ಎದ್ದು ಕುಂತ. ನನ್ನ ನೋಡಿದ. ಹಿಂದಕ ಬಿದ್ದ. ದಿನಾ ಮಾಡೂ ನಾಟಕ ಅಂತ ತಿಳದು ನೀರು ತುಂಬಾಕ ಹೋದೆ. ಎಲ್ಲಾ ತುಂಬಿ ಬಂದು ನೋಡಿದೆ."

ಡಾಕ್ಟರು ಸ್ರವಂತಿಯ ಕಡೆ ತಿರುಗಿದರು. "ಆಮೆ ಲೇಪಿಂದಂಟ ಸಾರ್," ಅಂದಳು ಸ್ರವಂತಿ. ಅವಳೇ ಎಬ್ಬಿಸಿದಳಂತೆ. ಆಮೇಲೆ ಕೊಡದ್ದು, ಕಿವಿಯದ್ದು, ನೀರಿನದ್ದು, ಒಂದೊಂದಾಗಿ ತೆಲುಗಿನಲ್ಲಿ ಹೇಳಿದಳು. ಮಕ್ತಲ್‌ನವರಿಗೆ ತೆಲುಗು ಬಾರದೆ ಏನು? ಶಿವಕಾಂತ ಅದನ್ನು ಎರಡನೆಯ ಸಲ ಕೇಳಿದ. ಭುವನೇಶ್ವರಿ ಎರಡನೆಯ ಸಲ ಕೇಳಿದಳು. ಮಹಾಂತಮ್ಮ ತಾನು ಮಾಡಿದ್ದನ್ನು ಬೇರೆಯವರ ಬಾಯಲ್ಲಿ ಮೊದಲ ಸಲ ಕೇಳಿದಳು. ತನ್ನ ಬಾಯಲ್ಲಿ ಅದು ಇಷ್ಟು ಉದ್ದವಿರಲಿಲ್ಲ.

"ಹಾಗಾದರೆ ಕೂಡಿತು," ಅಂದರು ಡಾಕ್ಟರು. ಗಂಟು ಬಿಡಿಸಿದ ಖುಷಿ ಅವರ ದನಿಯಲ್ಲಿ ಒಂದು ಕ್ಷಣ ಬಂದು ಹೋಯಿತು. ಬಂದದ್ದಕ್ಕೆ ಅವರಿಗೇ ನಾಚಿಕೆಯಾಗಿರಬೇಕು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬಹಳ ಹೇಳಿದರು. ಆ ಹುಡುಗನ ಎದೆ ಹುಟ್ಟಿದಾಗಿನಿಂದ ಹಾಗೆಯೇ ಇತ್ತು. ಕೊಡವಲ್ಲದಿದ್ದರೆ ಫೋನು, ಫೋನಲ್ಲದಿದ್ದರೆ ಪಟಾಕಿ. ನೀವು ನೀರಿಗೆ ಹೋಗದೆ ಅಲ್ಲೇ ನಿಂತಿದ್ದರೂ ಆ ಹೊತ್ತಿನಲ್ಲಿ ಆ ಓಣಿಯಲ್ಲಿ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ನೀವು ಇವತ್ತು ಹೇಳಿದ್ದರಿಂದ ಈ ಹುಡುಗಿಗೆ ಸರಿಯಾದ ಗುಳಿಗೆ ಕೊಡುತ್ತೇನೆ. ತಪ್ಪದೆ ನುಂಗಿದರೆ, ಹಾಸಿಗೆಯ ಹತ್ತಿರ ಅಲಾರಂ, ಫೋನು ಇಡದಿದ್ದರೆ, ಕೇಳದೆ ಬೇರೆ ಔಷಧ ತಗೊಳ್ಳದಿದ್ದರೆ ಸದ್ಯಕ್ಕೆ ಡಬ್ಬಿಯೂ ಬೇಡ. ಮುಖ್ಯ, ಸದ್ದು ಮಾಡಿ ಎಬ್ಬಿಸಬೇಡಿ. ಮೆಲ್ಲಗೆ ಮುಟ್ಟಿ ಎಬ್ಬಿಸಿ.

ಗುಳಿಗೆಯ ಮಾತು ಮಹಾಂತಮ್ಮನಿಗೆ ಚೆನ್ನಾಗಿ ನೆನಪುಳಿಯಿತು. ಮಿಕ್ಕದ್ದು ಬಸ್ಸಿನ ಕಿಟಕಿಯ ಹೊರಗಿನದರಂತೆ ಹಿಂದೆ ಹೋಯಿತು.

ತಿರುಗಿ ಬರುವಾಗ ಜೂರಾಲ ಕಟ್ಟೆಯ ಮೇಲೆ ಶಿವಕಾಂತ ಬಾಯಿ ಬಿಟ್ಟ. "ಎಲ್ಲಾ ಕೊಡ ತುಂಬಿದಿ?"

"ಎಲ್ಲಾ."

"ಡ್ರಮ್ಮೂ?"

"ಹೂಂ."

ಮನೆಗೆ ಬಂದವನೇ ಚಪ್ಪಲಿ ಬಿಡದೆ ಎದುರುಮನೆಗೆ ಹೋಗಿ, "ಕಿಷ್ಟಮ್ಮಾ, ಕುಡಿಯಾಕ ನೀರು ಕೊಡು," ಅಂದ. ಮರುದಿನವೂ ಅಲ್ಲೇ ಕುಡಿದ. ಊಟ ಮನೆಯಲ್ಲಿ, ನೀರು ಕಿಷ್ಟಮ್ಮನಲ್ಲಿ. ಬೈದಿದ್ದರೆ ಆಗುತ್ತಿತ್ತು, ಹೊಡೆದಿದ್ದರೂ ಆಗುತ್ತಿತ್ತು. ಮೆತ್ತಗಿನ ಮನುಷ್ಯರ ಸಿಟ್ಟು ಹೀಗೇ, ಒಲೆಯ ಬೂದಿಯೊಳಗಿನ ಕೆಂಡ. ಮಹಾಂತಮ್ಮನಿಗೆ ಅದು ನ್ಯಾಯವೆಂದೇ ಕಂಡಿತು. ದಿನವೂ ಅವನ ತಾಟಿನ ಪಕ್ಕದಲ್ಲಿ ತುಂಬಿದ ತಂಬಿಗೆ ಇಡುವಳು, ದಿನವೂ ತುಂಬಿದ್ದನ್ನೇ ಎತ್ತಿಡುವಳು. ಒಂದು ಮಧ್ಯಾಹ್ನ ಅವನು ಉಣ್ಣುವಾಗ ಗಂಟಲಿಗೆ ಸಿಕ್ಕಿ ಕೆಮ್ಮಿದ, ಕೈ ತಂಬಿಗೆಗೆ ಹೋಯಿತು, ಗಟಗಟ ಕುಡಿದ. ಅವಳು ಖಾಲಿ ತಂಬಿಗೆ ಎತ್ತಿ ಮತ್ತೆ ತುಂಬಿಟ್ಟಳು. ಅಂದಿನಿಂದ ಕಿಷ್ಟಮ್ಮನ ಮನೆಗೆ ಹೋಗುವುದು ನಿಂತಿತು.

ಭುವನೇಶ್ವರಿ ಗುಳಿಗೆ ನುಂಗತೊಡಗಿದಳು. ಫೋನಿನ ಬಾಯಿ ಮುಚ್ಚಿಸಿ ಅಡುಗೆಮನೆಯಲ್ಲಿ ಮಲಗಿಸುವುದಾಯಿತು. ಇನ್ನು ಕಾಲೇಜಿಗೆ ಹೋಗಬೇಕಲ್ಲ.

"ನಾಳಿಂದ ನೀನ ಎಬ್ಬಿಸಬೇಕವ್ವ," ಅಂದಳು.

"ನಿಮ್ಮಪ್ಪ ಎಬ್ಬಿಸಲಿ."

"ಅಪ್ಪ ನನಕಿಂತ ಮೊದಲ ಗಂಜಿಗೆ ಹೋಗತಾನ. ನೀನ ಎಬ್ಬಿಸಬೇಕು."

ನಸುಕಿನಲ್ಲಿ ಮಹಾಂತಮ್ಮ ಮಗಳ ಹಾಸಿಗೆಯ ಪಕ್ಕ ಬಂದು ಕೂತಳು. ಹುಡುಗಿ ಮಗ್ಗುಲಾಗಿ ಮಲಗಿದ್ದಳು. ಮೆಲ್ಲಗೆ ಮುಟ್ಟಿ ಎಬ್ಬಿಸಿ ಅಂದಿದ್ದರು ಡಾಕ್ಟರು. ಮೆಲ್ಲಗೆ ಅಂದರೆ ಎಷ್ಟು ಮೆಲ್ಲಗೆ? ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು. ಹೆಸರು ನಾಲಗೆಯ ತುದಿಯವರೆಗೆ ಬಂತು, ನುಂಗಿದಳು. ಓಣಿಗೆ ಓಣಿಯನ್ನೇ ಎಬ್ಬಿಸಿದವಳಿಗೆ ಒಂದು ಹುಡುಗಿಯನ್ನು ಎಬ್ಬಿಸುವುದು ಆಗಲಿಲ್ಲ. ಕಿಟಕಿಯಲ್ಲಿ ಬೆಳಕು ಹರಿಯಿತು. ದೊಡ್ಡ ರಸ್ತೆಯಲ್ಲಿ ನಾರಾಯಣಪೇಟೆಯ ಬಸ್ಸು ದೂರದಿಂದ ಕೇಳಿಸಿ, ನಿಂತು, ಹೊರಟು ಹೋಯಿತು.

ಭುವನೇಶ್ವರಿ ಕಣ್ಣು ತೆರೆದಳು. ಅದರಲ್ಲಿ ನಿದ್ದೆ ಇರಲಿಲ್ಲ.

"ಬಸ್ ಹೋತು," ಅಂದಳು ಮಹಾಂತಮ್ಮ.

"ಕೇಳಿಸ್ತು."

"ಎಚ್ಚರ ಇದ್ದಿಯೇನ?"

"ನೀ ಬಂದು ಕುಂತಾಗಿಂದ."

"ಮತ್ತ ಏಳಬೇಕಿಲ್ಲೋ?"

"ನೀ ಎಬ್ಬಿಸಲಿಲ್ಲಲ್ಲ."

ಮಹಾಂತಮ್ಮ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಳು. "ನನ್ನ ಕೈಲೆ ಆಗೂದಿಲ್ಲಬೇ ಭುವ್ವಿ."

"ಇನ್ನೊಂದು ಬಸ್ ಐತಿ," ಎಂದು ಹುಡುಗಿ ಚಾದರ ಮೇಲೆಳೆದುಕೊಂಡು ಕಣ್ಣು ಮುಚ್ಚಿದಳು. "ಎಬ್ಬಿಸು."

ಮುಚ್ಚಿದ ಕಣ್ಣು ಮುಚ್ಚಿಯೇ ಇತ್ತು. ಹುಡುಗಿ ಹಟಮಾರಿ, ತಾಯಿಯ ಮಗಳು; ಬಿಡುವಂತಿರಲಿಲ್ಲ. ಮಹಾಂತಮ್ಮ ಬಹಳ ಹೊತ್ತಿನ ಮೇಲೆ ಕೈ ಚಾಚಿ ಚಾದರದ ಮೇಲಿನಿಂದಲೇ ಅವಳ ಪಾದದ ಮೇಲೆ ಅಂಗೈ ಇಟ್ಟಳು.

"ಏಳವ್ವ," ಅಂದಳು. ಆ ಮಾತು ಆ ಹಾಸಿಗೆ ದಾಟಿ ಆಚೆ ಹೋಗಲಿಲ್ಲ.

ಭುವನೇಶ್ವರಿ ಎದ್ದು ಕೂತಳು. ತಾಯಿಯ ಮುಖ ನೋಡಿದಳು. ಮಹಾಂತಮ್ಮ ಉಸಿರು ಹಿಡಿದು ಅವಳನ್ನೇ ನೋಡುತ್ತಿದ್ದಳು. ಹುಡುಗಿ ಕೂತೇ ಇದ್ದಳು. ಕೂದಲು ಕಟ್ಟಿಕೊಂಡಳು, ಆಕಳಿಸಿದಳು, ಮತ್ತೂ ಕೂತೇ ಇದ್ದಳು. ಇನ್ನು ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮಹಾಂತಮ್ಮನಿಗೆ ಅಳು ಬಂತು.